ಸುಳ್ಳು ಹೇಳಲಾಗದವನ ಪ್ರೀತಿ

ಪ್ರಶ್ನೆ: ನಾನು ಹೆಚ್ಚಾಗಿ ಕೌಟುಂಬಿಕ ಕಾದಂಬರಿ, ಪತ್ತೇದಾರಿ ಕಥೆ ಓದುವವಳು. ಗೆಳತಿಯೊಬ್ಬಳು ಒತ್ತಾಯ ಮಾಡಿದಳೆಂದು ಫೇರಿಗಳ, ಅಂದರೆ ಪಾಶ್ಚಾತ್ಯ ಜನಪದ ಕಥೆಗಳ ಮಾಯಾಜನರ, ಲೋಕದ ಒಂದು ರೊಮ್ಯಾಂಟಿಕ್ ಫ್ಯಾಂಟಸಿ ಕೈಗೆತ್ತಿಕೊಂಡೆ. ಮನುಷ್ಯ ಹುಡುಗಿಯೊಬ್ಬಳು ಒಂದು ಒಪ್ಪಂದಕ್ಕೆ ಸಿಕ್ಕಿ ಫೇರಿ ದೊರೆಯ ಅರಮನೆ ಸೇರುತ್ತಾಳೆ. ಅವರ ದ್ವೇಷ ನಿಧಾನವಾಗಿ ಪ್ರೀತಿಯಾಗುತ್ತದೆ. ಓದಿ ಮುಗಿಸಿ ಎಷ್ಟೋ ದಿನವಾಯಿತು, ಇನ್ನೂ ಅದರಿಂದ ಹೊರಗೆ ಬರಲಾಗುತ್ತಿಲ್ಲ. ಬೇರೆ ಪುಸ್ತಕ ಹಿಡಿದರೆ ಸಪ್ಪೆ ಅನ್ನಿಸುತ್ತದೆ. ಮನೆಯವರು ‘ಈ ವಯಸ್ಸಲ್ಲಿ ಮಕ್ಕಳ ಕಥೆಯಾ?’ ಎಂದು ನಗುತ್ತಾರೆ. ಇಷ್ಟೊಂದು ಹಚ್ಚಿಕೊಳ್ಳುವಂಥದ್ದು ಇದರಲ್ಲಿ ಏನಿದೆ? ನಾಯಕ ಶುರುವಿನಲ್ಲಿ ತುಂಬ ಕ್ರೂರಿ. ಅವನನ್ನು ಮೆಚ್ಚಿದ್ದು ತಪ್ಪಾ? ಮುಂದೆ ಏನು ಓದಲಿ? ಎರಡನೇ ಭಾಗ ಈಗಲೇ ಶುರು ಮಾಡಲೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೇ ಜಾಸ್ತಿ ಜಾಗ ಕೊಡುತ್ತೇನೆ. ಅದು ಬಗೆಹರಿದರೆ ಉಳಿದವು ಅರ್ಧ ಬಗೆಹರಿದ ಹಾಗೆ.

ಇಂಥ ಕಾದಂಬರಿ ಓದಿದ ಬಹಳ ಜನ ನನ್ನ ಹತ್ತಿರ ಮಾತಾಡುವುದು ನಾಯಕನ ಬಗ್ಗೆ. ಅವನ ಚೆಲುವು, ಅವನ ಶಕ್ತಿ, ರೆಕ್ಕೆ, ಅರಮನೆ. ಆದರೆ ಚೆಲುವನೂ ಸಿರಿವಂತನೂ ಮುಂಗೋಪಿಯೂ ಆದ ನಾಯಕ ಎಲ್ಲ ಬಗೆಯ ಪ್ರೇಮ ಕಾದಂಬರಿಯಲ್ಲೂ ಸಿಗುತ್ತಾನೆ. ಅವರಲ್ಲಿ ಯಾರೂ ನಿಮ್ಮನ್ನು ಹೀಗೆ ಹಿಡಿದಿಟ್ಟುಕೊಂಡಿರಲಿಲ್ಲ, ಅಲ್ವಾ? ನನಗೆ ಕಾಣುವ ಮಟ್ಟಿಗೆ ಓದುಗರನ್ನು ಹಿಡಿದಿಡುವುದು ಆ ಲೋಕದ ಕಟ್ಟಳೆಗಳು. ಫೇರಿ ಸುಳ್ಳು ಹೇಳುವಂತಿಲ್ಲ. ಕೊಟ್ಟ ಮಾತು ಮುರಿಯುವಂತಿಲ್ಲ. ನಿಜವಾದ ಹೆಸರು ಹೇಳಿಬಿಟ್ಟರೆ ಜುಟ್ಟು ಕೊಟ್ಟ ಹಾಗೆ. ಅಲ್ಲಿಯ ಊಟ ಬಾಯಿಗಿಟ್ಟರೆ ಮರಳಿ ಬರುವ ದಾರಿ ಮುಚ್ಚುತ್ತದೆ. ನಿಮ್ಮ ಪ್ರೇಮಕಥೆ ಬೆಳೆದದ್ದು ಈ ಬೇಲಿಯ ಒಳಗೆ. ಬೇಲಿ ತೆಗೆದರೆ ಆ ಪ್ರೀತಿಗೆ ಅಷ್ಟು ತೂಕ ಉಳಿಯುವುದಿಲ್ಲ.

ಒಂದು ಸಣ್ಣ ಸನ್ನಿವೇಶ ಕಟ್ಟಿ ತೋರಿಸುತ್ತೇನೆ. ಹುಡುಗಿ ಕೇಳುತ್ತಾಳೆ: ‘ನನ್ನನ್ನು ಕೊಲ್ಲುತ್ತೀಯಾ?’ ಅವನು ಹೇಳುತ್ತಾನೆ: ‘ಈ ರಾತ್ರಿ ಈ ಮನೆಯಲ್ಲಿ ನಿನ್ನ ಮೈಮೇಲೆ ಯಾರೂ ಕೈ ಮಾಡುವುದಿಲ್ಲ.’ ಬೇರೆ ಕಾದಂಬರಿಯಲ್ಲಾದರೆ ಇದು ಸಮಾಧಾನದ ಮಾತು. ಓದಿ ಮುಂದಕ್ಕೆ ಹೋಗುತ್ತೀರಿ. ಇಲ್ಲಿ ಹಾಗಲ್ಲ. ಈ ರಾತ್ರಿ ಅಂದನಲ್ಲ, ಹಾಗಾದರೆ ನಾಳೆ? ಈ ಮನೆಯಲ್ಲಿ ಅಂದ, ಹಾಗಾದರೆ ತೋಟದಲ್ಲಿ? ಯಾರೂ ಅಂದನಲ್ಲ, ಅದರಲ್ಲಿ ಅವನೂ ಸೇರಿದನಾ? ಸುಳ್ಳು ಹೇಳಲಾಗದವನು ಸತ್ಯವನ್ನೇ ಕತ್ತರಿಸಿ, ಮಡಚಿ, ಮೋಸ ಮಾಡಲು ಕಲಿತಿರುತ್ತಾನೆ. ಹಾಗಾಗಿ ಹುಡುಗಿ ಅವನ ಒಂದೊಂದು ಮಾತನ್ನೂ ತಿರುಗಿಸಿ ಮುರುಗಿಸಿ ನೋಡುತ್ತಾಳೆ. ಅವಳ ಜೊತೆ ನೀವೂ ನೋಡುತ್ತೀರಿ. ಇಬ್ಬರು ಒಬ್ಬರ ಮಾತನ್ನು ಒಬ್ಬರು ಇಷ್ಟು ಗಮನವಿಟ್ಟು ಕೇಳುವುದು ಅರ್ಧ ಪ್ರೀತಿಯೇ. ಅವರು ಇನ್ನೂ ಜಗಳದಲ್ಲೇ ಇರುವಾಗಲೂ ನಿಮಗೆ ಎದೆ ಹೊಡೆದುಕೊಂಡದ್ದು ಇದಕ್ಕೇ.

ಆಮೇಲೆ ನೂರಾರು ಪುಟ ಕಳೆದ ಮೇಲೆ ಒಂದು ದಿನ ಅವನು ಯಾವ ಮಡಿಕೆಯೂ ಇಲ್ಲದ ಮಾತಾಡುತ್ತಾನೆ. ‘ನೀನು ಹೋದರೆ ನನಗೆ ಸಂಕಟವಾಗುತ್ತದೆ.’ ಅಷ್ಟೇ. ಸಾಮಾನ್ಯ ಪ್ರೇಮಕಥೆಯಲ್ಲಿ ಇಂಥ ಮಾತು ನಿಜವೂ ಇರಬಹುದು, ಬಣ್ಣದ ಮಾತೂ ಇರಬಹುದು. ಅನುಮಾನ ಕೊನೆಯವರೆಗೂ ಸ್ವಲ್ಪ ಉಳಿಯುತ್ತದೆ. ಇಲ್ಲಿ ಉಳಿಯುವುದಿಲ್ಲ. ಅವನು ಹೇಳಿದ ಎಂದರೆ ಅದು ನಿಜ. ತಪ್ಪಿಸಿಕೊಳ್ಳಲು ಅವನಿಗೆ ಬೇರೆ ಮಾತು ಎಷ್ಟೋ ಇದ್ದವು, ಆದರೂ ಇದನ್ನೇ ಆರಿಸಿಕೊಂಡ. ಆ ಪುಟದಲ್ಲಿ ನೀವು ಪುಸ್ತಕ ಕೆಳಗಿಟ್ಟು ಸುಮ್ನೆ ಕುಳಿತಿದ್ದಿರಬೇಕು. ಬಹಳ ಓದುಗರು ಹಾಗೇ ಮಾಡುತ್ತಾರೆ.

ಈ ಸುಳ್ಳಿನ ಕಟ್ಟಳೆ ಹಳೆಯ ಕಥೆಗಳಲ್ಲಿ ಇಷ್ಟು ಬಿಗಿಯಾಗಿಲ್ಲ. ಅದನ್ನು ಬಿಗಿ ಮಾಡಿದವರು ನಮ್ಮ ಕಾಲದ ಕಾದಂಬರಿಕಾರರು. ಆದರೆ ಬೀಜ ಹಳೆಯದು. ಸ್ಕಾಟ್ಲೆಂಡಿನ ಲಾವಣಿಯೊಂದರಲ್ಲಿ ಫೇರಿ ರಾಣಿ ಥಾಮಸ್ ಎಂಬವನನ್ನು ತನ್ನ ಲೋಕಕ್ಕೆ ಏಳು ವರ್ಷ ಕರೆದುಕೊಂಡು ಹೋಗುತ್ತಾಳೆ. ಕೂಲಿಯಾಗಿ ಒಂದು ಸೇಬು ಕೊಡುತ್ತಾಳೆ. ಅದನ್ನು ತಿಂದರೆ ನಾಲಗೆ ಎಂದೂ ಸುಳ್ಳಾಡುವುದಿಲ್ಲ. ಥಾಮಸ್ ಖುಷಿಪಡುವುದಿಲ್ಲ, ಗಾಬರಿಯಾಗುತ್ತಾನೆ! ನನ್ನ ನಾಲಗೆ ನನ್ನದು, ಹೀಗಾದರೆ ಸಂತೆಯಲ್ಲಿ ವ್ಯಾಪಾರ ಮಾಡುವುದು ಹೇಗೆ, ದೊರೆಯ ಮುಂದೆ ನಿಂತು ಮಾತಾಡುವುದು ಹೇಗೆ, ಹೆಂಗಸರ ಹತ್ತಿರ ಮಾತಾಡುವುದು ಹೇಗೆ ಎಂದು ಕೇಳುತ್ತಾನೆ. ಪ್ರೀತಿಯ ಮಾತಿಗೂ ಸ್ವಲ್ಪ ಸುಳ್ಳು ಬೇಕು ಎಂದು ಅವನಿಗೆ ಗೊತ್ತು. ಸುಳ್ಳಿಲ್ಲದೆ ಪ್ರೀತಿಸಬೇಕಾಗಿ ಬಂದರೆ ಏನಾಗುತ್ತದೆ ಎಂಬುದನ್ನೇ ನಿಮ್ಮ ಕಾದಂಬರಿ ಎಳೆದು ಎಳೆದು ಹೇಳಿದೆ.

ಇನ್ನು ಮಕ್ಕಳ ಕಥೆ ಎಂಬ ನಗು. ಮನೆಯವರ ಮೇಲೆ ಬೇಜಾರು ಬೇಡ. ಅವರ ಕಣ್ಣ ಮುಂದೆ ಬರುವುದು ಬೆರಳುದ್ದದ, ಚಿಟ್ಟೆಯ ರೆಕ್ಕೆ ಇರುವ, ಹೂವಿನ ಮೇಲೆ ಕೂರುವ ಪುಟ್ಟ ಫೇರಿ. ಆ ಚಿತ್ರ ಹಳೆಯದಲ್ಲ. ಫೇರಿಗಳನ್ನು ಅಷ್ಟು ಕಿರಿದು ಮಾಡುವುದರಲ್ಲಿ 1590ರ ದಶಕದ ಶೇಕ್ಸ್‌ಪಿಯರನ ನಾಟಕಗಳ ಪಾಲು ದೊಡ್ಡದು. ಚಿಟ್ಟೆ ರೆಕ್ಕೆ ಎಲ್ಲರ ಮನಸ್ಸಿನಲ್ಲಿ ನೆಲೆಯೂರಿದ್ದು ಅದಕ್ಕೂ ತಡವಾಗಿ, ಚಿತ್ರಕಾರರಿಂದ. ಮಕ್ಕಳ ಪುಸ್ತಕಕ್ಕೆ ಫೇರಿ ಗಟ್ಟಿಯಾಗಿ ಅಂಟಿಕೊಂಡದ್ದು 19ನೇ ಶತಮಾನದಲ್ಲಿ. ಅದಕ್ಕೆ ಮೊದಲು ಐರ್ಲೆಂಡ್, ಸ್ಕಾಟ್ಲೆಂಡಿನ ಹಳ್ಳಿಗರ ಮಾತಿನಲ್ಲಿ ಬರುವ ಫೇರಿಗಳಲ್ಲಿ ಎಷ್ಟೋ ಮನುಷ್ಯರ ಎತ್ತರದವು. ಚೆಲುವಾದವು, ಅಪಾಯದವು. ಅವರ ಹೆಸರೆತ್ತಲೂ ಹೆದರಿ ಜನ ‘ಒಳ್ಳೆಯವರು’ ಎಂದು ಕರೆಯುತ್ತಿದ್ದರು. ರಾಬರ್ಟ್ ಕಿರ್ಕ್ ಎಂಬ ಸ್ಕಾಟಿಷ್ ಪಾದ್ರಿ 1690ರ ದಶಕದ ಶುರುವಿನಲ್ಲಿ ಈ ಜನರ ಬಗ್ಗೆ ಒಂದು ಗ್ರಂಥವನ್ನೇ ಬರೆದಿಟ್ಟ. ದೇವದೂತರಿಗೂ ಮನುಷ್ಯರಿಗೂ ನಡುವಿನವರು ಎಂದು ಅವರನ್ನು ಬಣ್ಣಿಸಿದ. 1692ರಲ್ಲಿ ಅವನು ತೀರಿಕೊಂಡಾಗ, ಸತ್ತಿಲ್ಲ, ಅವರೇ ಎತ್ತಿಕೊಂಡು ಹೋದರು ಎಂದು ಊರವರು ಮಾತಾಡಿಕೊಂಡರು. ನಿಮ್ಮ ಕಾದಂಬರಿಯ ದೊರೆ ಆ ಹಳೆಯ, ಭಯ ಹುಟ್ಟಿಸುವ ಜನರ ವಂಶದವನು. ಈಗಿನ ಫೇರಿ ಕಾದಂಬರಿಗಳಲ್ಲಿ ಬರುವ ಋತುಗಳ ಹೆಸರಿನ ದರ್ಬಾರುಗಳು ಮಾತ್ರ ಹೊಸಬರ ಕಲ್ಪನೆ. ಸ್ಕಾಟ್ಲೆಂಡಿನವರು ಹೇಳುತ್ತಿದ್ದದ್ದು ಸೀಲಿ ಮತ್ತು ಅನ್‌ಸೀಲಿ ಎಂಬ ಎರಡೇ ಗುಂಪು. ಒಂದು ಸ್ವಲ್ಪ ದಯೆಯುಳ್ಳದ್ದು, ಇನ್ನೊಂದು ಸುಮ್ಮಸುಮ್ಮನೆ ಕೆಡುಕು ಮಾಡುವಂಥದ್ದು.

ಆ ಕಾಲದ ಪ್ರೇಮಕಥೆಗಳಲ್ಲಿ ಹೆಚ್ಚಾಗಿ ಗಂಡು ಮನುಷ್ಯ, ಹೆಣ್ಣು ಆಚೆ ಲೋಕದವಳು. ಅವಳು ಒಂದು ಷರತ್ತು ಹಾಕುತ್ತಾಳೆ, ಅವನು ಮುರಿಯುತ್ತಾನೆ, ಅವಳು ಹೊರಟು ಹೋಗುತ್ತಾಳೆ. ನಮ್ಮ ಪುರೂರವ ಊರ್ವಶಿಯರದೂ ಇದೇ ಗೋಳು ತಾನೆ? 12ನೇ ಶತಮಾನದ ಫ್ರೆಂಚ್ ಕಾವ್ಯದಲ್ಲಿ ಲಾನ್‌ವಲ್ ಎಂಬ ಯೋಧನಿಗೆ ಫೇರಿ ಹೆಣ್ಣು ಹಾಕಿದ ಷರತ್ತು, ನನ್ನ ವಿಷಯ ಯಾರ ಹತ್ತಿರವೂ ಹೇಳಬಾರದು ಎಂದು. ಅವನು ಬಾಯಿ ಬಿಟ್ಟ. ಪುಣ್ಯಕ್ಕೆ ಆ ಕಥೆಯಲ್ಲಿ ಅವಳು ಕೊನೆಗೆ ಬಂದು ಅವನನ್ನು ಉಳಿಸುತ್ತಾಳೆ. ಎಲ್ಲ ಕಥೆಗೂ ಅಷ್ಟು ದಯೆ ಇಲ್ಲ.

ಮನುಷ್ಯ ಹುಡುಗಿಯೇ ನಡುವೆ ನಿಂತು ಕಥೆ ನಡೆಸುವ ಈಗಿನ ಕಾದಂಬರಿಗಳಿಗೆ ತಾಯಿಬೇರು ಬೇರೆ ಇದೆ. ಅದು ಟ್ಯಾಮ್ ಲಿನ್ ಎಂಬ ಲಾವಣಿ. ಇದರ ಹೆಸರು 1549ರ ಒಂದು ಸ್ಕಾಟಿಷ್ ಪುಸ್ತಕದಲ್ಲೇ ಬರುತ್ತದೆ. ಇದನ್ನು ನೀವು ಓದಲೇಬೇಕು. ನಿಮ್ಮ ಮೂರನೇ ಪ್ರಶ್ನೆಗೆ ನನ್ನ ಮೊದಲ ಉತ್ತರವೂ ಇದೇ.

ಕಥೆ ಹೀಗೆ. ಕಾರ್ಟರ್‌ಹಾ ಕಾಡಿಗೆ ಹುಡುಗಿಯರು ಹೋಗಬಾರದು ಎಂದು ಹೇಳಿಟ್ಟಿದ್ದಾರೆ. ಜಾನೆಟ್ ಹಸಿರು ಲಂಗ ಎತ್ತಿ ಕಟ್ಟಿ ಹೋಗುತ್ತಾಳೆ. ಗುಲಾಬಿ ಕೀಳುತ್ತಾಳೆ. ಟ್ಯಾಮ್ ಲಿನ್ ಎದುರಿಗೆ ಬಂದು ಯಾರನ್ನು ಕೇಳಿ ಬಂದೆ ಎನ್ನುತ್ತಾನೆ. ಈ ಕಾಡು ನನ್ನಪ್ಪ ನನಗೆ ಕೊಟ್ಟದ್ದು, ನಿನ್ನನ್ನು ಕೇಳುವುದೇನು ಎನ್ನುತ್ತಾಳೆ ಅವಳು. ಆಮೇಲೆ ಅವಳು ಬಸುರಿ. ಅವನು ಹುಟ್ಟಿನಿಂದ ಫೇರಿ ಅಲ್ಲ, ರಾಣಿ ಹಿಡಿದಿಟ್ಟುಕೊಂಡ ಮನುಷ್ಯ. ಏಳು ವರ್ಷಕ್ಕೊಮ್ಮೆ ಫೇರಿಗಳು ನರಕಕ್ಕೆ ತಮ್ಮಲ್ಲೊಬ್ಬರನ್ನು ಕಂದಾಯವಾಗಿ ಕೊಡಬೇಕು. ಈ ಸಲ ತನ್ನ ಸರದಿ ಎಂದು ಅವನಿಗೆ ಭಯ. ಬಿಡಿಸಿಕೊಳ್ಳುವ ದಾರಿಯನ್ನು ಅವನೇ ಹೇಳಿಕೊಡುತ್ತಾನೆ. ಹ್ಯಾಲೋವೀನ್ ಹಬ್ಬದ ನಡುರಾತ್ರಿ ಕೂಡುದಾರಿಯಲ್ಲಿ ಮರೆಯಾಗಿ ನಿಂತಿರು. ಕಪ್ಪು ಕುದುರೆ ಹೋಗಲಿ ಬಿಡು. ಕಂದು ಕುದುರೆಯೂ ಹೋಗಲಿ. ಹಾಲುಬಿಳಿ ಕುದುರೆ ಬಂದಾಗ ಓಡಿ ಬಂದು ಸವಾರನನ್ನು ಕೆಳಗೆಳೆ. ನನ್ನ ಒಂದು ಕೈಗೆ ಕೈಗವಸು ಇರುತ್ತದೆ, ಇನ್ನೊಂದು ಕೈ ಬರಿದಾಗಿರುತ್ತದೆ. ಅದೇ ಗುರುತು. ಅವರು ನನ್ನನ್ನು ನಿನ್ನ ತೋಳಲ್ಲೇ ಹಾವು ಮಾಡುತ್ತಾರೆ, ಕರಡಿ ಮಾಡುತ್ತಾರೆ, ಸಿಂಹ ಮಾಡುತ್ತಾರೆ, ಕಾದ ಕಬ್ಬಿಣ ಮಾಡುತ್ತಾರೆ. ಬಿಡಬೇಡ. ಕೊನೆಗೆ ಉರಿಯುವ ಕೆಂಡವಾದಾಗ ಬಾವಿಯ ನೀರಿಗೆ ಎಸೆ. ಬರಿಮೈಯ ಮನುಷ್ಯನಾಗಿ ಎದ್ದು ಬರುತ್ತೇನೆ. ನಿನ್ನ ಹಸಿರು ಮೇಲಂಗಿ ಹೊದಿಸು.

ಅವಳು ಹಾಗೇ ಮಾಡುತ್ತಾಳೆ, ಗೆಲ್ಲುತ್ತಾಳೆ. ಸೋತ ರಾಣಿ ಸಿಟ್ಟಿನಲ್ಲಿ ಹೇಳುವ ಮಾತು ಕೇಳಿ: ಹೀಗಾಗುತ್ತದೆ ಎಂದು ಗೊತ್ತಿದ್ದರೆ ನಿನ್ನ ಎರಡು ಕಣ್ಣು ಕಿತ್ತು ಮರದ ಕಣ್ಣು ಇಡುತ್ತಿದ್ದೆ, ಟ್ಯಾಮ್ ಲಿನ್! ಎಷ್ಟು ಸಲ ಓದಿದರೂ ಈ ಸಾಲು ನನ್ನ ಮೈ ಜುಮ್ಮೆನ್ನಿಸುತ್ತದೆ. ಅಷ್ಟು ಹಳೆಯ ಹಾಡಿನಲ್ಲಿ ಹುಡುಗಿ ರಾಜಕುಮಾರನಿಗಾಗಿ ಕಾದು ಕೂತಿಲ್ಲ. ಅವಳೇ ಅವನನ್ನು ಕುದುರೆಯಿಂದ ಎಳೆದು ಹಾಕುತ್ತಾಳೆ. ನಿಮ್ಮ ಕಾದಂಬರಿಯ ಕೊನೆಯ ಪರೀಕ್ಷೆಯಲ್ಲಿ ಹುಡುಗಿ ಪಡುವ ಪಾಡನ್ನು ನೆನೆಸಿಕೊಳ್ಳಿ. ಅವಳು ಜಾನೆಟ್‌ಳ ಮರಿಮೊಮ್ಮಗಳು ಎಂದರೆ ತಪ್ಪಿಲ್ಲ.

ಕ್ರೂರ ನಾಯಕನ ಪ್ರಶ್ನೆಗೂ ಇಲ್ಲಿಂದಲೇ ಉತ್ತರ ತೆಗೆಯಬಹುದು. ಕಥೆಯಲ್ಲಿ ಅವನನ್ನು ಮೆಚ್ಚಿದ್ದು ತಪ್ಪಲ್ಲ. ರೊಮ್ಯಾನ್ಸ್ ಎಂಬ ಬಗೆಗೇ ಒಂದು ಒಡಂಬಡಿಕೆ ಇದೆ: ಕೊನೆ ಸುಖವಾಗಿರುತ್ತದೆ. ಅದು ಗೊತ್ತಿದ್ದೇ ನೀವು ಪುಸ್ತಕ ತೆರೆದಿರಿ. ಆ ಭರವಸೆ ಇದ್ದುದರಿಂದ ಅವನ ಸಿಟ್ಟನ್ನೂ ಭಯವನ್ನೂ ಸುರಕ್ಷಿತವಾಗಿ ಅನುಭವಿಸಿದಿರಿ. ಆದರೆ ಎಲ್ಲ ಕ್ರೂರ ನಾಯಕರನ್ನೂ ನಾನು ಒಂದೇ ಸಾಲಿಗೆ ಸೇರಿಸುವುದಿಲ್ಲ. ಜಾನೆಟ್‌ಗೆ ಹಾವು, ಕರಡಿ, ಕೆಂಡ ಎಲ್ಲವನ್ನೂ ಮೊದಲೇ ಹೇಳಲಾಗಿತ್ತು. ಬೇಡ ಎನ್ನುವ ಅವಕಾಶ ಅವಳಿಗಿತ್ತು. ಗೊತ್ತಿದ್ದೂ ಹೋದಳು. ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಕಥೆಯನ್ನು 1740ರಲ್ಲಿ ಮೊದಲು ಬರೆದ ಫ್ರೆಂಚ್ ಲೇಖಕಿ ವಿಲ್‌ನವ್, 1756ರಲ್ಲಿ ಅದನ್ನು ಚಿಕ್ಕದು ಮಾಡಿದ ಬೋಮೋಂ, ಇಬ್ಬರೂ ಒಂದು ವಿಷಯ ಉಳಿಸಿಕೊಂಡಿದ್ದಾರೆ. ಬೀಸ್ಟ್, ಅಂದರೆ ಮೃಗರೂಪದ ನಾಯಕ, ಪ್ರತಿ ರಾತ್ರಿ ಹುಡುಗಿಯನ್ನು ನನ್ನವಳಾಗುತ್ತೀಯಾ ಎಂದು ಕೇಳುತ್ತದೆ. ಅವಳು ಪ್ರತಿ ರಾತ್ರಿ ಬೇಡ ಎನ್ನುತ್ತಾಳೆ. ಅದು ಎದ್ದು ಹೋಗುತ್ತದೆ. ಅಷ್ಟು ಬಲವುಳ್ಳ ಪ್ರಾಣಿ ಒಂದು ‘ಬೇಡ’ಕ್ಕೆ ತಲೆಬಾಗುತ್ತದಲ್ಲ, ಆ ಕಥೆಯ ಪ್ರೀತಿ ಇರುವುದು ಅಲ್ಲಿ.

ನಿಮ್ಮ ಕಾದಂಬರಿಯನ್ನೂ ಈ ಒರೆಗಲ್ಲಿಗೆ ಹಚ್ಚಿ ನೋಡಿ. ಹುಡುಗಿಗೆ ಷರತ್ತು ತಿಳಿದಿತ್ತಾ? ಮಾಯೆಯ ಪಾನೀಯ ಕುಡಿಸಿ, ಮಂತ್ರ ಹಾಕಿ ಒಪ್ಪಿಸಿದ್ದಾ, ಅಥವಾ ಬುದ್ಧಿ ಸ್ಥಿಮಿತದಲ್ಲಿದ್ದಾಗ ಅವಳೇ ಒಪ್ಪಿದಳಾ? ಅವನು ಮಾಡಿದ ಗಾಯಕ್ಕೆ ಕಥೆ ಅವನಿಂದ ಬೆಲೆ ಕಟ್ಟಿಸಿತಾ, ಅಥವಾ ಅವನ ಹಳೆಯ ನೋವಿನ ಕಥೆ ಹೇಳಿ ಕೈ ತೊಳೆದುಕೊಂಡಿತಾ? ಎರಡನೆಯ ಥರದ ಪುಸ್ತಕಗಳು ಬೇಕಾದಷ್ಟಿವೆ. ಅವು ನನಗೆ ಇಷ್ಟವಿಲ್ಲ. ಫೇರಿ ಕಥೆಯಲ್ಲಿ ಎಲ್ಲಕ್ಕೂ ಲೆಕ್ಕ ಚುಕ್ತಾ ಆಗಬೇಕು. ನಾಯಕನ ತಪ್ಪಿಗೆ ಮಾತ್ರ ವಿನಾಯಿತಿ ಎಂದರೆ ಲೇಖಕರು ತಮ್ಮದೇ ಲೋಕದ ಕಟ್ಟಳೆ ಮುರಿದ ಹಾಗೆ.

ಇದು ಕಥೆಯ ಮಾತಾಯಿತು. ಬದುಕಿನಲ್ಲಿ ಇದೇ ನಂಬಿಕೆ ಎಷ್ಟು ಭೀಕರವಾಗಬಹುದು ಎಂಬುದಕ್ಕೂ ದಾಖಲೆ ಇದೆ. 1895ರ ಮಾರ್ಚಿನಲ್ಲಿ ಐರ್ಲೆಂಡಿನ ಟಿಪ್ಪರೆರಿಯಲ್ಲಿ ಬ್ರಿಜೆಟ್ ಕ್ಲಿಯರಿ ಎಂಬ 26 ವರ್ಷದ ಹೆಂಗಸಿಗೆ ಹುಷಾರಿಲ್ಲದಾಯಿತು. ಇವಳು ನನ್ನ ಹೆಂಡತಿಯಲ್ಲ, ಫೇರಿಗಳು ಅವಳನ್ನು ಒಯ್ದು ಬೇರೆಯವಳನ್ನು ಬಿಟ್ಟಿದ್ದಾರೆ ಎಂದು ಗಂಡ ಹಟ ಹಿಡಿದ. ನೆಂಟರ ಎದುರಿಗೇ ಅವಳು ಸುಟ್ಟು ಸತ್ತಳು. ನಿಜವಾದ ಹೆಂಡತಿ ಕುದುರೆಯ ಮೇಲೆ ಬರುತ್ತಾಳೆ, ಬಿಡಿಸಿಕೊಳ್ಳುತ್ತೇನೆ ಎಂದು ಅವನು ಕಾದು ನಿಂತ. ಟ್ಯಾಮ್ ಲಿನ್ ಹಾಡಿನ ಕುದುರೆಯೇ ಅದು. ಆದರೆ ಜಾನೆಟ್ ಮಾಡಿದ್ದಕ್ಕೆ ಪೂರಾ ತಿರುಗು ಮುರುಗು. ತೋಳಲ್ಲಿರುವವನ ರೂಪ ಏನೇ ಆದರೂ ಅವಳು ಬಿಡಲಿಲ್ಲ. ಇವನು ಕಾಯಿಲೆಯಿಂದ ಚಹರೆ ಸ್ವಲ್ಪ ಬದಲಾದ ಹೆಂಡತಿಯನ್ನು ಬೆಂಕಿಗೆ ಕೊಟ್ಟ. ಕಥೆಯಲ್ಲಿ ಕರಡಿಯ ಒಳಗೆ ಒಳ್ಳೆಯವನಿದ್ದಾನೆ ಎಂದು ಹೇಳಲು ಲೇಖಕರಿರುತ್ತಾರೆ. ಬದುಕಿನಲ್ಲಿ ಅಂಥ ಖಾತರಿ ಯಾರೂ ಕೊಡುವುದಿಲ್ಲ. ನೋಯಿಸುವವನನ್ನು ಹಿಡಿದುಕೊಂಡಿರು ಎಂದು ನಾನು ಯಾರಿಗೂ ಹೇಳುವುದಿಲ್ಲ. ಈ ಗೆರೆ ನಿಮಗೆ ಗೊತ್ತಿದೆ. ಗೊತ್ತಿಲ್ಲದಿದ್ದರೆ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ.

ಬೇರೆ ಪುಸ್ತಕ ಸಪ್ಪೆ ಅನ್ನಿಸುವುದರ ಬಗ್ಗೆ ಗಾಬರಿ ಬೇಡ. ಮೆಲನಿ ಗ್ರೀನ್ ಮತ್ತು ತಿಮೋತಿ ಬ್ರಾಕ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಓದುಗರು ಕಥೆಯೊಳಗೆ ಸಾಗಿಹೋಗುವ ಸ್ಥಿತಿಯನ್ನು ಅಳೆದು ನೋಡಿದರು. ಗಮನ, ಭಾವನೆ, ಮನಸ್ಸಿನಲ್ಲಿ ಮೂಡುವ ಚಿತ್ರ, ಮೂರೂ ಒಂದೇ ಕಡೆ ಸೇರಿದಾಗ ಹಾಗಾಗುತ್ತದೆ ಎಂದು ಅವರು ವಿವರಿಸಿದರು. ನಿಮ್ಮ ಪುಸ್ತಕ ಮೂರನ್ನೂ ಒಟ್ಟಿಗೆ ಎಳೆಯಿತು. ಮೇಲಿಂದ, ಒಂದೊಂದು ಮಾತನ್ನೂ ಅಳೆದು ನೋಡುವ ಅಭ್ಯಾಸ ಹಿಡಿಸಿತು. ಆ ಗಮನದಲ್ಲೇ ಮುಂದಿನ ಪುಸ್ತಕಕ್ಕೆ ಹೋದಿರಿ. ಅಲ್ಲಿಯ ಪಾತ್ರಗಳು ಮಾತನ್ನು ಅಷ್ಟು ಜೋಪಾನವಾಗಿ ಆಡುವುದಿಲ್ಲ. ಹಾಗಾಗಿ ಸಪ್ಪೆ. ಅದರಿಂದ ಹೊರಬರಲು ಇನ್ನೊಂದು ಫೇರಿ ಪ್ರೇಮಕಥೆಯನ್ನೇ ತಕ್ಷಣ ಹಿಡಿಯಬೇಡಿ. ಪ್ರತಿ ಪುಟದಲ್ಲೂ ಹೋಲಿಸುತ್ತೀರಿ. ನಿಮ್ಮ ಹಳೆಯ ಪತ್ತೇದಾರಿ ಕಥೆಗೆ ಮರಳಿ. ಅಲ್ಲೂ ಯಾರು ಯಾವ ಮಾತನ್ನು ಹೇಗೆ ಹೇಳಿದರು ಎಂಬುದೇ ಮುಖ್ಯ. ನಿಮ್ಮ ಹೊಸ ಕಿವಿಗೆ ಅಲ್ಲಿ ಕೆಲಸ ಸಿಗುತ್ತದೆ.

ಆಮೇಲೆ ಹೊಸ ಫೇರಿ ಕಾದಂಬರಿ ಆರಿಸುವಾಗ ಮುಖಪುಟದ ರೆಕ್ಕೆ, ಕಿರೀಟ ನೋಡಬೇಡಿ. ಮೊದಲ ಕೆಲವು ಅಧ್ಯಾಯದಲ್ಲಿ ಒಂದು ಕಟ್ಟಳೆ ಬಂದಿತಾ, ಅದು ಯಾರಿಗಾದರೂ ನಿಜವಾಗಿ ತೊಂದರೆ ಕೊಟ್ಟಿತಾ ನೋಡಿ. ಫೇರಿಗಳಿಗೆ ಕಬ್ಬಿಣ ಮುಟ್ಟಿದರೆ ಸುಡುತ್ತದೆ ಎಂದು ಹೇಳಿ, ಇಡೀ ಪುಸ್ತಕದಲ್ಲಿ ಒಂದು ಫೇರಿಯೂ ಕಬ್ಬಿಣ ಮುಟ್ಟದಿದ್ದರೆ ಅದು ಬರೀ ಅಲಂಕಾರ. ಇನ್ನೊಂದು, ವಯಸ್ಸು. 500 ವರ್ಷದ ನಾಯಕ 25ರ ಹುಡುಗನ ಥರ ಮುನಿಸಿಕೊಂಡರೆ ನನಗೆ ಅಲ್ಲಿಗೇ ಆಸಕ್ತಿ ಹೋಗುತ್ತದೆ. ಐರಿಷ್ ಕಥೆಯ ಆಶೀನ್ ಮೂರು ವರ್ಷವಾಯಿತು ಎಂದುಕೊಂಡು ನೀವ್ ಎಂಬ ಆಚೆ ಲೋಕದ ಚೆಲುವೆಯ ಜೊತೆ ಇದ್ದ. ಇಲ್ಲಿ 300 ವರ್ಷ ಕಳೆದಿತ್ತು. ಊರು ನೋಡಲು ಬಂದವನ ಕಾಲು ನೆಲಕ್ಕೆ ತಾಗಿದ್ದೇ ತಡ, ಹಣ್ಣು ಹಣ್ಣು ಮುದುಕನಾದ. ಸಾಯುವವರು ಮತ್ತು ಸಾಯದವರ ನಡುವಿನ ಪ್ರೀತಿಯಲ್ಲಿ ಕಾಲವೇ ಎಲ್ಲಕ್ಕಿಂತ ದೊಡ್ಡ ಅಡ್ಡಿ. ಹುಡುಗಿಗೂ ಒಂದು ವರ ಕೊಟ್ಟು ಆ ಅಡ್ಡಿಯನ್ನು ಸುಲಭವಾಗಿ ಸರಿಸಿಬಿಡುವ ಕಾದಂಬರಿಗಳಿಗಿಂತ, ಅದರ ಜೊತೆ ಗುದ್ದಾಡುವ ಕಾದಂಬರಿಗಳನ್ನು ಹುಡುಕಿ.

ಎರಡನೇ ಭಾಗ ಶುರು ಮಾಡುವ ಮೊದಲು ಮೊದಲ ಭಾಗವನ್ನು ಇನ್ನೊಂದು ಸಲ ಓದಿ, ಈ ಸಲ ಅವನ ಮಾತುಗಳಿಗಾಗಿ ಮಾತ್ರ. ಕಥೆ ಗೊತ್ತಿರುವುದರಿಂದ ಓಡುವ ಆತುರ ಇರುವುದಿಲ್ಲ. ಶುರುವಿನಲ್ಲಿ ಅವನು ಆಡಿದ ಕಟುಮಾತುಗಳಲ್ಲಿ ಎಷ್ಟು ನಿಜವಾಗಿ ಕಟುವಾಗಿದ್ದವು, ಎಷ್ಟು ಅವಳನ್ನು ದೂರವಿಟ್ಟು ಕಾಪಾಡುವ ಉಪಾಯವಾಗಿದ್ದವು ಎಂಬುದು ಈಗ ಕಾಣುತ್ತದೆ. ಒಳ್ಳೆಯ ಲೇಖಕರು ಅದನ್ನು ಮೊದಲ ಸಲವೇ ಅಲ್ಲಿಟ್ಟಿರುತ್ತಾರೆ. ಅದು ಸಿಕ್ಕರೆ ಎರಡನೇ ಭಾಗಕ್ಕೆ ಧೈರ್ಯವಾಗಿ ಹೋಗಿ. ಒಂದು ಎಚ್ಚರಿಕೆ ಮಾತ್ರ: ಸರಣಿಯ ಎರಡನೇ ಪುಸ್ತಕದಲ್ಲಿ ಜೋಡಿಯನ್ನು ಅಗಲಿಸುವುದು, ಕೆಲವೊಮ್ಮೆ ಹುಡುಗಿಯ ಮನಸ್ಸನ್ನೇ ಬೇರೊಬ್ಬನ ಕಡೆ ತಿರುಗಿಸುವುದು ಈ ಬಗೆಯ ಕಾದಂಬರಿಗಳಲ್ಲಿ ಮಾಮೂಲು. ಹಾಗಾದರೆ ಪುಸ್ತಕ ಎಸೆಯಬೇಡಿ. ಅವಳು ಹೊರಟು ನಿಂತಾಗ ಮೊದಲಿನವನು ಏನು ಹೇಳುತ್ತಾನೆ ಎಂಬುದನ್ನು ಸರಿಯಾಗಿ ಕೇಳಿಸಿಕೊಳ್ಳಿ, ಆಮೇಲೆ ತೀರ್ಮಾನ ಮಾಡಿ.